ಗುಂಜಿಯಿಂದ ಬೆಳಗಾವಿಗೆ ಹದಿನೈದು ಸಲ

ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದ ರೈಲು ಲೋಂಡಾ ಜಂಕ್ಷನ್ ದಾಟಿ ಬೆಳಗಾವಿಯತ್ತ ಹೊರಳಿತೆಂದರೆ ಮುಂದಿನ ನಿಲ್ದಾಣವೇ ಗುಂಜಿ. ದೊಡ್ಡ ಗಾಡಿಗಳಲ್ಲಿ ಕುಳಿತವರಿಗೆ ಹಳದಿ ಫಲಕ ಕಂಡಿತೋ ಇಲ್ಲವೋ ಎನ್ನುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಇಳಿದವರಿಗೆ ಮಾತ್ರ ಇಲ್ಲಿಯ ಚೆಲುವು ದಕ್ಕುತ್ತದೆ: ಕಾಡಿನ ಸೆರಗಿನಲ್ಲಿ ಭತ್ತದ ಗದ್ದೆಗಳು, ಕೆಂಪು ಹಂಚಿನ ಮನೆಗಳು, ಮಳೆಗಾಲದಲ್ಲಿ ಗುಡ್ಡಗಳ ತಲೆಯ ಮೇಲೆ ಕುಳಿತೇ ಇರುವ ಮೋಡ. ಊರದೇವತೆ ಮಾವುಲಿ. ಮರಾಠಿಯಲ್ಲಿ ಮಾವುಲಿ ಎಂದರೆ ತಾಯಿ. ಕನ್ನಡ, ಮರಾಠಿ ಎರಡೂ ಒಂದೇ ಅಂಗಳದಲ್ಲಿ ಕೇಳಿಬರುವ ಸೀಮೆ ಇದು. ಗುಡಿಯ ಮುಂದೆ ಹರಕೆ ಹೊರುವವರು ಎರಡರಲ್ಲಿ ಯಾವ ಮಾತಿನಲ್ಲಿ ಬೇಡಿಕೊಂಡರೂ ನಡೆಯುತ್ತದೆ. (ಉತ್ತರಾಖಂಡದಲ್ಲಿ, ಕೈಲಾಸ ಮಾನಸ ಸರೋವರದ ಯಾತ್ರಿಕರು ಹಾದುಹೋಗುವ ದಾರಿಯಲ್ಲಿ ಇನ್ನೊಂದು ಗುಂಜಿ ಇದೆ. ನಕ್ಷೆಯಲ್ಲಿ ಹುಡುಕುವ ವಿದ್ಯಾರ್ಥಿಗಳು ಎರಡನ್ನೂ ಒಂದೆಂದು ತಿಳಿಯದಿರಲಿ.)

ಗುಂಜಿಯಿಂದ ಬೆಳಗಾವಿಗೆ ಸುಮಾರು 40 ಕಿಲೋಮೀಟರ್. ಪ್ರವಾಸಿಗೆ ಇದು ಕಡಲೆಕಾಯಿ ತಿಂದು ಮುಗಿಸುವಷ್ಟರ ದಾರಿ. ಸ್ತನದಲ್ಲಿ ಗಡ್ಡೆಯಿದೆ, ಅದು ಕ್ಯಾನ್ಸರ್ ಎಂದು ತಿಳಿದ ಹೆಣ್ಣುಮಗಳಿಗೆ ಇದೇ ದಾರಿಯ ಲೆಕ್ಕ ಬೇರೆ. ಸ್ತನವನ್ನು ಪೂರ್ತಿ ತೆಗೆಸಿಕೊಳ್ಳಬೇಕೋ, ಅಥವಾ ಗಡ್ಡೆಯಿದ್ದ ಭಾಗವನ್ನಷ್ಟೇ ತೆಗೆಸಿ, ಉಳಿದುದನ್ನು ಮತ್ತೆ ಆಕಾರಕ್ಕೆ ತಂದುಕೊಳ್ಳಬಹುದೋ ಎಂಬ ಪ್ರಶ್ನೆಗೆ ಉತ್ತರ ಅವಳ ರೋಗದಲ್ಲಿ ಎಷ್ಟಿದೆಯೋ, ಈ ಹಳಿಗಳ ಮೇಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಹೇಗೆಂಬುದು ದಾರಿ ಸಾಗಿದಂತೆ ತಿಳಿಯುತ್ತದೆ.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಈ ಭಾಗದಲ್ಲಿ ನಾಟಿಯ ಗಡಿಬಿಡಿ. ಕೆಸರಿನಲ್ಲಿ ಬೆನ್ನು ಬಾಗಿಸಿ ನಿಂತ ಹೆಂಗಸರಿಗೆ ಮೈಯ ಕಡೆ ನೋಡಿಕೊಳ್ಳಲು ಪುರುಸೊತ್ತಿಲ್ಲ. ಸ್ನಾನದ ಮನೆಯಲ್ಲಿ ಕೈಗೆ ಏನೋ ಗಟ್ಟಿಯಾದುದು ತಾಗಿದರೂ ನೋವಿಲ್ಲವಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ನೋವಿಲ್ಲದಿರುವುದೇ ಈ ರೋಗದ ಮೋಸ. ಮೊದಮೊದಲು ಗಡ್ಡೆ ನೋಯುವುದು ಅಪರೂಪ. ನೋಯಲು ತೊಡಗಿದಾಗ, ಚರ್ಮ ಕಿತ್ತಳೆಯ ಸಿಪ್ಪೆಯಂತೆ ತಗ್ಗುತಗ್ಗಾದಾಗ, ತೊಟ್ಟು ಒಳಸೇರಿದಾಗ ಅಥವಾ ಅದರಿಂದ ರಕ್ತ ಜಿನುಗಿದಾಗ ತಡವಾಗಿರುತ್ತದೆ. ಜೊತೆಗೆ ಸಂಕೋಚ. ಮಗಳಿಗೆ ಹೇಳಲಾರದ್ದನ್ನು ಗಂಡನಿಗೆ ಹೇಳುವುದು ಹೇಗೆ, ಗಂಡನಿಗೆ ಹೇಳಲಾರದ್ದನ್ನು ಡಾಕ್ಟರಿಗೆ ತೋರಿಸುವುದು ಹೇಗೆ? 2022ರ ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ ಆ ಒಂದು ವರ್ಷ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಎರಡು ಅಂಕಿಗಳ ನಡುವಿನ ಅಂತರ ಇಷ್ಟು ಕಡಿಮೆಯಿರುವುದಕ್ಕೆ ಔಷಧಿಗಳನ್ನು ಮಾತ್ರ ದೂರುವಂತಿಲ್ಲ.

ಗುಂಜಿ ಬಿಟ್ಟ ಗಾಡಿ ಕಾಡು ಕಳೆದು ಮಲಪ್ರಭೆಯ ಬಯಲಿಗೆ ಬಂದರೆ ಖಾನಾಪುರ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಇಲ್ಲಿಗೆ ಬರುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರ ಸಂಸ್ಥೆ ಇರುವುದೂ ಇಲ್ಲಿಯೇ. ತಿಗರಿಯ ಮೇಲಿನ ಹಸಿ ಮಡಕೆಯಲ್ಲಿ ಒಂದು ಕಡೆ ಹೆಚ್ಚು ಮಣ್ಣು ಕಿತ್ತುಬಂದಿತೆನ್ನಿ. ಕುಂಬಾರನಿಗೆ ಎರಡೇ ದಾರಿ: ಪಕ್ಕದ ಮಣ್ಣನ್ನೇ ಒತ್ತಿ ಸರಿಸಿ ತಗ್ಗು ತುಂಬಬೇಕು, ಇಲ್ಲವೇ ಬೇರೆ ಕಡೆಯಿಂದ ಒಂದು ಮುದ್ದೆ ತಂದು ಅಂಟಿಸಬೇಕು. ಮೊದಲನೆಯದರಲ್ಲಿ ಮಡಕೆ ತುಸು ಚಿಕ್ಕದಾಗುತ್ತದೆ. ಎರಡನೆಯದರಲ್ಲಿ ಅಳತೆ ಉಳಿಯುತ್ತದೆ, ಆದರೆ ಮಣ್ಣು ತೆಗೆದ ಕಡೆ ಗುಳಿ ಬೀಳುತ್ತದೆ. ಇಂದಿನ ಸ್ತನ ಶಸ್ತ್ರವೈದ್ಯರು ಮಾಡುವುದೂ ಈ ಎರಡನ್ನೇ.

ಕುಂಬಾರರ ಹೆಸರು ಈ ವಿದ್ಯೆಯ ಇತಿಹಾಸದಲ್ಲಿ ನಿಜವಾಗಿಯೇ ಬರುತ್ತದೆ. ಟಿಪ್ಪು ಸುಲ್ತಾನನ ವಿರುದ್ಧ ನಡೆದ, 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ರೈತ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷ ಕಳೆದ ಮೇಲೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ಅದೇ ಆಕಾರದಲ್ಲಿ ಬಿಡಿಸಿ, ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿ ಕಡಿಯದೆ ಬಿಟ್ಟು, ಚರ್ಮವನ್ನು ತಿರುಗಿಸಿ ಕೆಳಗೆ ಕೂರಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಈ ವೃತ್ತಾಂತ ಚಿತ್ರಸಹಿತ ಅಚ್ಚಾಯಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ ಎಂಬ ಆಂಗ್ಲ ಶಸ್ತ್ರವೈದ್ಯ 1814ರಲ್ಲಿ ತಾನೂ ಮೂಗು ಕಟ್ಟಿದ. ಸುಶ್ರುತನ ಕಾಲದ ವಿದ್ಯೆ ಹೀಗೆ ಹಡಗು ಹತ್ತಿತು. ಆ ಇಟ್ಟಿಗೆಯವನ ಹೆಸರನ್ನು ಮಾತ್ರ ಪತ್ರಿಕೆ ಬರೆದುಕೊಳ್ಳಲಿಲ್ಲ.

ಗುಟ್ಟು ಇರುವುದು ಆ ಕಡಿಯದೆ ಬಿಟ್ಟ ಪಟ್ಟಿಯಲ್ಲಿ. ಮಣ್ಣಿಗೂ ಮಾಂಸಕ್ಕೂ ಇರುವ ವ್ಯತ್ಯಾಸ ಅದೇ. ಮಣ್ಣಿನ ಮುದ್ದೆಯನ್ನು ಎಲ್ಲಿಂದ ತಂದರೂ ಅಂಟುತ್ತದೆ. ದಪ್ಪನೆಯ ಅಂಗಾಂಶಕ್ಕೆ ರಕ್ತ ಹರಿದು ಬರುವ ಕಾಲುವೆ ಬೇಕು. ಆಮ್ಲಜನಕ ತಲುಪದ ಜೀವಕೋಶ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಆದ್ದರಿಂದ ಚರ್ಮ, ಕೊಬ್ಬು, ಸ್ನಾಯುಗಳನ್ನು ಸ್ಥಳ ಬದಲಿಸುವಾಗ ಅವುಗಳ ರಕ್ತನಾಳವನ್ನು ಹೊಕ್ಕುಳಬಳ್ಳಿಯಂತೆ ಉಳಿಸಿಕೊಂಡೇ ಬದಲಿಸಬೇಕು.

ಖಾನಾಪುರ ದಾಟಿ, ಇದಲಹೊಂಡ, ದೇಸೂರುಗಳನ್ನು ಕಳೆದು ಗಾಡಿ ಬೆಳಗಾವಿ ಸೇರುತ್ತದೆ. ಕೋಟೆ, ದಂಡು ಪ್ರದೇಶ, ಕುಂದಾ ಅಂಗಡಿಗಳ ಈ ಊರು ವೈದ್ಯವಿದ್ಯೆಯ ಊರೂ ಹೌದು. 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆಎಲ್ಇ, ಇಲ್ಲಿ 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ತೆರೆಯಿತು. ಅದೇ ಸಂಸ್ಥೆಯ ಡಾ. ಸಂಪತ್‌ಕುಮಾರ ಶಿವಣಗಿ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಈ ಭಾಗದ ರೋಗಿಗಳು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ, ಮುಂಬಯಿಯ ಟಾಟಾ ಆಸ್ಪತ್ರೆಗೋ ಗಂಟುಮೂಟೆ ಕಟ್ಟುವುದು ಬಹುಕಾಲದ ರೂಢಿ. ಟಾಟಾಕ್ಕೆ ಹೋಗಿ ಬಂದವರು ಎಂಬುದು ಬೆಳಗಾವಿ ಸೀಮೆಯಲ್ಲಿ ಕಾಯಿಲೆಯ ಹೆಸರನ್ನು ಹೇಳದೆಯೇ ಹೇಳುವ ಒಂದು ನುಡಿ.

ಸ್ತನ ಕ್ಯಾನ್ಸರ್ ಎಂದರೆ ಸ್ತನವನ್ನು ತೆಗೆಯುವುದು ಎಂಬ ನಂಬಿಕೆ ಊರಲ್ಲಿ ಇನ್ನೂ ಗಟ್ಟಿಯಾಗಿದೆ. ಅದಕ್ಕೆ ಕಾರಣವಿದೆ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಬಾಚಿ ತೆಗೆಯುತ್ತಿದ್ದರು. ಹೆಚ್ಚು ತೆಗೆದಷ್ಟೂ ಹೆಚ್ಚು ಸುರಕ್ಷಿತ ಎಂಬ ತರ್ಕ. ಮುಕ್ಕಾಲು ಶತಮಾನ ಅದೇ ನಡೆಯಿತು. ಬದುಕಿದವರ ಕೈ ಬಾತು ಮೇಲೇಳದಂತಾಗುತ್ತಿದ್ದುದನ್ನು ಬೆಲೆಯೆಂದೇ ಎಣಿಸಲಾಗುತ್ತಿತ್ತು. ಇದನ್ನು ಪ್ರಶ್ನಿಸಿದವರು ಇಬ್ಬರು: ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಬರ್ನಾರ್ಡ್ ಫಿಶರ್. ವೆರೊನೇಸಿ 1973ರಿಂದ 701 ಹೆಂಗಸರನ್ನೂ, ಫಿಶರ್ 1976ರಿಂದ 1,851 ಹೆಂಗಸರನ್ನೂ ಲಾಟರಿಯ ಕ್ರಮದಲ್ಲಿ ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ಇಪ್ಪತ್ತು ವರ್ಷ ಹಿಂಬಾಲಿಸಿದರು. 2002ರಲ್ಲಿ ಎರಡರ ಫಲಿತಾಂಶಗಳೂ ಒಟ್ಟಿಗೆ ಬಂದವು. ಸ್ತನ ಕಳೆದುಕೊಂಡವರೂ ಉಳಿಸಿಕೊಂಡವರೂ ಬದುಕಿದ ಪ್ರಮಾಣ ಒಂದೇ ಆಗಿತ್ತು.

ಆದರೆ ಫಿಶರ್ ಅವರ ಪ್ರಯೋಗದಲ್ಲಿ ಇನ್ನೊಂದು ಅಂಕಿಯಿದೆ. ಅದೇ ಗುಂಜಿಯ ದಾರಿಗೆ ಸಂಬಂಧಿಸಿದ್ದು. ಗಡ್ಡೆ ತೆಗೆದ ಮೇಲೆ ವಿಕಿರಣ ಪಡೆದವರಲ್ಲಿ ನೂರಕ್ಕೆ 14 ಮಂದಿಗೆ ಅದೇ ಸ್ತನದಲ್ಲಿ ಇಪ್ಪತ್ತು ವರ್ಷಗಳೊಳಗೆ ಕ್ಯಾನ್ಸರ್ ಮರಳಿತು. ವಿಕಿರಣ ಪಡೆಯದವರಲ್ಲಿ ನೂರಕ್ಕೆ 39 ಮಂದಿಗೆ. ಕಣ್ಣಿಗೆ ಕಾಣದ ಜೀವಕೋಶಗಳು ಅಲ್ಲಲ್ಲಿ ಉಳಿದಿರಬಹುದಾದ್ದರಿಂದ, ಸ್ತನವನ್ನು ಉಳಿಸಬೇಕೆಂದರೆ ಸಾಮಾನ್ಯವಾಗಿ ವಿಕಿರಣವೂ ಬೇಕೇಬೇಕು. ವಿಕಿರಣ ಒಂದೇ ದಿನದಲ್ಲಿ ಮುಗಿಯುವುದಿಲ್ಲ.

ಅದಕ್ಕೆ ಮೊದಲು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಗಣಿತದಿಂದಲೇ ತಿಳಿಯಬಹುದು. ಗಡ್ಡೆಯೊಂದು ಗೋಳ ಎನ್ನಿ. ವೈದ್ಯರು ಅದರ ಸುತ್ತಲಿನ ಒಂದು ಸೆಂಟಿಮೀಟರಿನಷ್ಟು ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ತೆಗೆಯುತ್ತಾರೆ ಎಂದಿಟ್ಟುಕೊಳ್ಳಿ. ಗುಲಗಂಜಿಯಷ್ಟಿರುವ, ಕೈಗೆ ಸುಲಭವಾಗಿ ಸಿಗದೆ ಮ್ಯಾಮೊಗ್ರಾಂನಲ್ಲಿ ಮಾತ್ರ ಕಾಣುವಂಥ ಗಂಟನ್ನು ತೆಗೆದರೆ ಒಟ್ಟು ಹೋಗುವುದು ಸುಮಾರು 9 ಘನ ಸೆಂಟಿಮೀಟರ್. ಎರಡು ಸೆಂಟಿಮೀಟರ್ ಅಗಲದ ಕಾಡುನೆಲ್ಲಿಯಷ್ಟಿದ್ದರೆ 33. ನಾಲ್ಕು ಸೆಂಟಿಮೀಟರಿನ ನಿಂಬೆಹಣ್ಣಿನಷ್ಟಿದ್ದರೆ 113! ಅಗಲ ಎರಡರಷ್ಟಾದರೆ ಗಡ್ಡೆಯ ಗಾತ್ರ ಎಂಟರಷ್ಟಾಗುತ್ತದೆ ಎಂಬ ಘನದ ಸೂತ್ರಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ಪಠ್ಯಪುಸ್ತಕದಲ್ಲಿಲ್ಲ.

ಇನ್ನು ಸ್ತನದ ಒಟ್ಟು ಗಾತ್ರ 400 ಘನ ಸೆಂಟಿಮೀಟರ್ ಆಗಿದ್ದರೆ ನೆಲ್ಲಿಯ ಲೆಕ್ಕದಲ್ಲಿ ಹೋಗುವುದು ನೂರಕ್ಕೆ 8 ಪಾಲು. ಸುತ್ತಲಿನದನ್ನು ಎಳೆದು ಹೊಲಿದರೆ ಸಾಕು, ತಗ್ಗು ಅಷ್ಟಾಗಿ ಕಾಣದು. ನಿಂಬೆಯ ಲೆಕ್ಕದಲ್ಲಿ ಹೋಗುವುದು 28 ಪಾಲು. ಪ್ಯಾರಿಸ್ಸಿನ ಶಸ್ತ್ರವೈದ್ಯ ಕ್ರಿಷ್ಣ ಕ್ಲೋ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ಗಡಿಯನ್ನು ನೂರಕ್ಕೆ 20 ಎಂದು ಇಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ಹೋದರೆ ಬರಿಯ ಹೊಲಿಗೆ ಸಾಲದು; ಸ್ತನ ಒಂದು ಕಡೆಗೆ ಸೊಟ್ಟಗಾಗಿ, ತೊಟ್ಟು ಜರುಗುತ್ತದೆ. ಅಲ್ಲಿಂದ ಮುಂದೆಯೇ ಭಾಗಶಃ ಪುನರ್ರಚನೆಯ ಕೆಲಸ. ದೊಡ್ಡ ಸ್ತನವಾದರೆ ಕುಂಬಾರನ ಮೊದಲ ದಾರಿ: ಉಳಿದುದನ್ನೇ ಸರಿಸಿ, ಮೇಲೆತ್ತಿ, ತುಸು ಚಿಕ್ಕದಾದ ಹೊಸ ಆಕಾರ ಕೊಡುವುದು, ಬೇಕೆನಿಸಿದರೆ ಇನ್ನೊಂದನ್ನೂ ಅದಕ್ಕೆ ಹೊಂದುವಂತೆ ಚಿಕ್ಕದು ಮಾಡುವುದು. ಚಿಕ್ಕ ಸ್ತನವಾದರೆ ಎರಡನೆಯ ದಾರಿ: ಬೇರೆ ಕಡೆಯಿಂದ ಅಂಗಾಂಶ ತರುವುದು.

ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ಮೇಲಿನ ಚರ್ಮದೊಡನೆ ಕಂಕುಳಿನ ಕೆಳಗಿನಿಂದ ಮುಂದಕ್ಕೆ ತಿರುಗಿಸಿ ತರುವ ವಿಧಾನವನ್ನು ಇಟಲಿಯ ಟಾನ್ಸಿನಿ 1906ರಷ್ಟು ಹಿಂದೆಯೇ ವರ್ಣಿಸಿದ್ದ. ಅದು ಮರೆತುಹೋಗಿ, 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ಒಳ್ಳೆಯ ವಿಧಾನವೇ. ಆದರೆ ಬಾವಿಯಿಂದ ನೀರು ಸೇದುವಾಗ, ಕೊಡಲಿ ಎತ್ತಿ ಇಳಿಸುವಾಗ ದುಡಿಯುವ ಸ್ನಾಯು ಅದು. ಆಫೀಸಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಅದರ ಕೊರತೆ ಅಷ್ಟಾಗಿ ತಿಳಿಯದಿರಬಹುದು; ಕಟ್ಟಿಗೆ ಹೊರೆ ಹೊರುವ ಗುಂಜಿಯ ಹೆಂಗಸು ಆ ಮಾತನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಈಗ ಸ್ನಾಯುವನ್ನು ಮುಟ್ಟದೆ, ಪಕ್ಕೆಯ ಚರ್ಮ ಮತ್ತು ಕೊಬ್ಬನ್ನು ಮಾತ್ರ, ಪಕ್ಕೆಲುಬುಗಳ ನಡುವಿನಿಂದ ಬರುವ ದಾರದಷ್ಟು ಸಣ್ಣ ರಕ್ತನಾಳದ ಮೇಲೆ ತೂಗಿಕೊಂಡಂತೆ ತಿರುಗಿಸಿ ತುಂಬುವ ವಿಧಾನಗಳೂ ಬಂದಿವೆ. ಗಾಯದ ಗೆರೆ ತೋಳಿನ ಕೆಳಗೆ ಮರೆಯಾಗುತ್ತದೆ. ಹಣೆಯಲ್ಲಿ ಬಿಟ್ಟ ಆ ಪುಣೆಯ ಪಟ್ಟಿಯ ಮೊಮ್ಮಗಳು ಇದು ಎನ್ನಬಹುದು.

ತೆಗೆದ ಭಾಗದ ಅಂಚುಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಣ್ಣದ ಗೆರೆಯನ್ನು ಕ್ಯಾನ್ಸರ್ ಕೋಶಗಳು ಮುಟ್ಟಿದ್ದರೆ ಇನ್ನಷ್ಟು ತೆಗೆಯಬೇಕು. ಆಕಾರ ಎಷ್ಟೇ ಚೆನ್ನಾಗಿ ಬಂದಿದ್ದರೂ ಅಂಚು ಶುದ್ಧವಾಗಿರುವುದೇ ಮೊದಲು. ಅಂಗಾಂಶ ಸರಿಸಿದ ಮೇಲೆ ಗಡ್ಡೆ ಎಲ್ಲಿತ್ತೆಂಬುದು ಗೊತ್ತಾಗದೆ ಹೋಗಬಾರದೆಂದು ಆ ಜಾಗದ ಸುತ್ತ ಲೋಹದ ಸಣ್ಣ ಕ್ಲಿಪ್ಪುಗಳನ್ನು ಬಿಟ್ಟಿರುತ್ತಾರೆ. ಆಮೇಲೆ ವಿಕಿರಣ ಕೊಡುವವರಿಗೆ ಅವು ಮೈಲಿಗಲ್ಲುಗಳಿದ್ದಂತೆ.

ಪುನರ್ರಚನೆಯನ್ನು ಆಮೇಲೆ, ಎಲ್ಲ ಮುಗಿದ ಮೇಲೆ ನೋಡಿಕೊಳ್ಳೋಣ ಎನ್ನುವವರು ತಿಳಿಯಬೇಕಾದ ಒಂದು ಮಾತಿದೆ. ವಿಕಿರಣಕ್ಕೆ ಒಳಗಾದ ಅಂಗಾಂಶದಲ್ಲಿ ಸಣ್ಣ ರಕ್ತನಾಳಗಳು ನವೆಯುತ್ತವೆ, ನಾರು ಬೆಳೆಯುತ್ತದೆ, ಜಾಗ ಬಿಗಿಯುತ್ತದೆ. ಹಸಿ ಮಣ್ಣಿನಲ್ಲಿ ಮಾಡಬಹುದಾದದ್ದನ್ನು ಆವಿಗೆಯಿಂದ ತೆಗೆದ ಮಡಕೆಯಲ್ಲಿ ಮಾಡಲಾಗದು. ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ಹೀರಿ ತೆಗೆದು ಚುಚ್ಚಿ ತುಂಬುವಂಥ ಉಪಾಯಗಳು ಆಮೇಲೂ ಇವೆ, ಆದರೆ ತಗ್ಗನ್ನು ಗಡ್ಡೆ ತೆಗೆದ ದಿನವೇ ತುಂಬುವುದು ಬಹುಮಟ್ಟಿಗೆ ಸುಲಭ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಬೇಕು. ಕೇಳುವುದಕ್ಕೆ ನಾಚಿಕೆಪಡಬೇಕಾದ್ದಿಲ್ಲ. ಅಮೆರಿಕದಲ್ಲಿ 1998ರ ಕಾನೂನೊಂದರ ಪ್ರಕಾರ, ಸ್ತನ ತೆಗೆಯುವ ಖರ್ಚು ಕೊಡುವ ಆರೋಗ್ಯ ವಿಮೆ ಪುನರ್ರಚನೆಯ ಖರ್ಚನ್ನೂ ಕೊಡಲೇಬೇಕು. ಇದು ಅಲಂಕಾರವಲ್ಲ, ಚಿಕಿತ್ಸೆಯ ಭಾಗ ಎಂದು ಅಲ್ಲಿಯ ಸಂಸತ್ತು ಒಪ್ಪಿದೆ. ಇಲ್ಲಿಯ ಮನೆಗಳಲ್ಲಿ ಐವತ್ತು ದಾಟಿದವಳಿಗೆ ಇದೆಲ್ಲ ಏಕೆ ಎನ್ನುವ ಗಂಡಸರು ಇನ್ನೂ ಇದ್ದಾರೆ. ಆ ಪ್ರಶ್ನೆ ತಮ್ಮ ಬೋಳುತಲೆಯ ಔಷಧಿಯ ವಿಷಯದಲ್ಲಿ ಅವರಿಗೆ ಹೊಳೆಯುವುದಿಲ್ಲ.

ಈಗ ದಾರಿಯ ಲೆಕ್ಕ. ಹಳೆಯ ಪದ್ಧತಿಯಲ್ಲಿ ವಿಕಿರಣವೆಂದರೆ ವಾರಕ್ಕೆ ಐದು ದಿನದಂತೆ ಐದು ವಾರ, 25 ಸಲ. ಹೋಗಿಬರಲು 80 ಕಿಲೋಮೀಟರಿನಂತೆ 2,000 ಕಿಲೋಮೀಟರ್, ಅಂದರೆ ಗುಂಜಿಯಿಂದ ಹೊರಟವಳು ದಿಲ್ಲಿ ಮುಟ್ಟುವಷ್ಟು! ಒಂದು ಸಲದ ವಿಕಿರಣಕ್ಕೆ ಹಿಡಿಯುವುದು ಕೆಲವೇ ನಿಮಿಷ. ಬ್ರಿಟನ್ನಿನ ದೊಡ್ಡ ಪ್ರಯೋಗಗಳ ಹತ್ತು ವರ್ಷಗಳ ಫಲಿತಾಂಶ 2013ರಲ್ಲಿ ಬಂದ ಮೇಲೆ, ದಿನದ ಪ್ರಮಾಣವನ್ನು ತುಸು ಹೆಚ್ಚಿಸಿ ಮೂರು ವಾರಗಳಲ್ಲಿ 15 ಸಲ ಕೊಟ್ಟರೂ ಫಲ ಅಷ್ಟೇ ಎಂಬುದು ಖಚಿತವಾಯಿತು. ಆಗ ದಾರಿ 1,200 ಕಿಲೋಮೀಟರಿಗೆ ಇಳಿಯಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಪ್ರಯೋಗ ಒಂದೇ ವಾರದಲ್ಲಿ ಐದು ಸಲ ಸಾಕು ಎಂದಿದೆ. ಆದರೆ ಯಾರಿಗೆ ಯಾವುದು ಹೊಂದುತ್ತದೆಂಬುದನ್ನು ವೈದ್ಯರೇ ಹೇಳಬೇಕು. ಕೆಲವರಿಗೆ ಗಡ್ಡೆಯಿದ್ದ ಜಾಗಕ್ಕೆ ಇನ್ನೂ ನಾಲ್ಕಾರು ದಿನ ಹೆಚ್ಚುವರಿ ವಿಕಿರಣ ಬೇಕಾಗುತ್ತದೆ.

ಗುಂಜಿಗಾದರೂ ರೈಲಿದೆ, ಪಣಜಿಗೆ ಹೋಗುವ ಹೆದ್ದಾರಿಯಿದೆ. ಖಾನಾಪುರ ತಾಲ್ಲೂಕಿನ ಎಲ್ಲ ಊರುಗಳೂ ಹೀಗಿಲ್ಲ. 2011ರಲ್ಲಿ ಅಭಯಾರಣ್ಯವೆಂದು ಸಾರಲಾದ ಭೀಮಗಡದ ಒಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟುವುದೇ ಒಂದು ಸಾಹಸ. 2024ರ ಜುಲೈಯಲ್ಲಿ ಅಲ್ಲಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಾಡಿನ ಹಾದಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಊರಿನವಳ ಮುಂದೆ ಹದಿನೈದು ದಿನದ ಚೀಟಿ ಹಿಡಿದರೆ, ಪೂರ್ತಿ ತೆಗೆದುಬಿಡಿ, ಒಂದೇ ಸಲಕ್ಕೆ ಮುಗಿಯಲಿ ಎನ್ನುವುದು ಅವಳ ಹೆಡ್ಡತನವಲ್ಲ. ಕೆಲವೊಮ್ಮೆ ಅದೇ ಸರಿಯಾದ ನಿರ್ಧಾರವೂ ಹೌದು. ಒಂದೇ ಸ್ತನದಲ್ಲಿ ಹಲವು ಕಡೆ ಗಡ್ಡೆಗಳಿದ್ದರೆ, ಹಿಂದೆಯೇ ಆ ಜಾಗಕ್ಕೆ ವಿಕಿರಣ ಆಗಿದ್ದರೆ ವೈದ್ಯರೇ ಪೂರ್ತಿ ತೆಗೆಸಿಕೊಳ್ಳಲು ಹೇಳಬಹುದು. ಆದರೆ ರೋಗ ಮುಂದುವರಿದಿದ್ದರೆ ಪೂರ್ತಿ ತೆಗೆಸಿಕೊಂಡವರಿಗೂ ವಿಕಿರಣ ತಪ್ಪುವುದಿಲ್ಲ. ದಾರಿ ಉಳಿಸಲು ಸ್ತನ ಕೊಟ್ಟವಳು ಆಮೇಲೆ ದಾರಿಯನ್ನೂ ನಡೆಯಬೇಕಾಗುತ್ತದೆ. ಇದನ್ನು ನಿರ್ಧಾರಕ್ಕೆ ಮೊದಲೇ ಕೇಳಿ ತಿಳಿದುಕೊಳ್ಳುವುದು ಮನೆಯ ಓದು ಬಲ್ಲ ಮಕ್ಕಳ ಕೆಲಸ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಹೋಗಿಬರುವ ದಿನಗಳ ಕೂಲಿ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ನಿಂಬೆಯಷ್ಟಾದ ಗಡ್ಡೆಯನ್ನು ಮೊದಲು ಔಷಧಿ ಕೊಟ್ಟು ನೆಲ್ಲಿಯಷ್ಟಕ್ಕೆ ಇಳಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದೂ ಈಗ ಸಾಮಾನ್ಯ. ಮೊದಲೇ ನೆಲ್ಲಿಯಷ್ಟಿದ್ದಾಗ ಕಂಡುಹಿಡಿದರೆ ಇನ್ನೂ ಸುಲಭ. ಅದಕ್ಕೆ ಯಂತ್ರವೇ ಬೇಕೆಂದಿಲ್ಲ. ಟಾಟಾ ಆಸ್ಪತ್ರೆಯವರು 1998ರಲ್ಲಿ ಮುಂಬಯಿಯ ಬಡಾವಣೆಗಳಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಿಸುತ್ತ ಬಂದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ ಮೂವತ್ತರಷ್ಟು ಇಳಿದಿತ್ತು. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಊರಿಗೆ ಬರುವ ದಾದಿಯನ್ನು ಒಳಗೆ ಕರೆದು ಕೂರಿಸಿದರೆ ಆಯಿತು.

ವಿಕಿರಣಕ್ಕೆ ಹೋಗುವವರ ಎದೆಯ ಮೇಲೆ ಮೊದಲ ದಿನವೇ ಗುರುತು ಹಾಕುತ್ತಾರೆ, ಪ್ರತಿ ಸಲವೂ ಕಿರಣ ಅದೇ ಜಾಗಕ್ಕೆ ಬೀಳಬೇಕಲ್ಲ. ಶಾಯಿಯ ಗೆರೆಯಾದರೆ ಸ್ನಾನದಲ್ಲಿ ಅಳಿಸದಂತೆ ನೋಡಿಕೊಳ್ಳಬೇಕು. ಕೆಲವು ಕಡೆ ಸೂಜಿಮೊನೆಯಷ್ಟು ದೊಡ್ಡ ಚುಕ್ಕೆಗಳನ್ನು ಚುಚ್ಚಿಯೇ ಬಿಡುತ್ತಾರೆ. ಮುಂಗೈ ತುಂಬ ಹಚ್ಚೆ ಹೊಯ್ಯಿಸಿಕೊಂಡ ಈ ಸೀಮೆಯ ಅಜ್ಜಿಯರಿಗೆ ಅದೇನೂ ಹೊಸದಲ್ಲ. ಸಂಜೆಯ ಗಾಡಿ ಬೆಳಗಾವಿ ಬಿಟ್ಟು, ದೇಸೂರು, ಇದಲಹೊಂಡ, ಖಾನಾಪುರ ಕಳೆದು ಗುಂಜಿಯಲ್ಲಿ ನಿಂತಾಗ ಇಳಿಯುವವರಲ್ಲಿ ಅಂಥ ಚುಕ್ಕೆ ಯಾರ ಸೆರಗಿನೊಳಗಿದೆಯೆಂದು ನೋಡಿದವರಿಗೆ ತಿಳಿಯುವುದಿಲ್ಲ.